ನಲವತ್ತೆರಡನೆಯ ಮ್ಯಾಕ್ರೋ

ನಮ್ಮ ಊರಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಉಂಗುರ, ಬಳೆ, ಕೈಗಡಿಯಾರ ಎಲ್ಲವನ್ನೂ ತೆಗೆದು ಪಕ್ಕದ ಸ್ಟೀಲ್ ಬಟ್ಟಲಿಗೆ ಹಾಕಬೇಕು. ಉಗುರು ಕತ್ತರಿಸಿರಬೇಕು. ಮಡಿಲಲ್ಲಿ ಮಗು ಇರಬಾರದು, ಕೈಗೆ ಎಟಕುವಲ್ಲಿ ಬಿಸಿ ಕಾಫಿ ಇರಬಾರದು. ಒಬ್ಬರು ಒಮ್ಮೆ ಮಾಡಿದ ಟೈಪಿಂಗ್ ಕೆಲಸವನ್ನು ಹಿಡಿದಿಟ್ಟು ಮತ್ತೆ ಮತ್ತೆ ಮಾಡಿಸುವ ಮ್ಯಾಕ್ರೋ ಓಡತೊಡಗಿತೆಂದರೆ ಕೂತವರ ಕೈ ಕೂತವರ ಮಾತು ಕೇಳುವುದಿಲ್ಲ. ಅದನ್ನು ಯಾರು ರೆಕಾರ್ಡ್ ಮಾಡಿದ್ದರೋ ಅವರ ಕೈ ಹೋದ ದಾರಿಯಲ್ಲೇ ಹೋಗುತ್ತದೆ, ಅವರು ನಿಂತಲ್ಲಿ ನಿಲ್ಲುತ್ತದೆ, ಅವರು ಕೆರೆದುಕೊಂಡಲ್ಲಿ ಕೆರೆದುಕೊಳ್ಳುತ್ತದೆ. ನೀರಿನ ವಿಭಾಗದ ಈರಪ್ಪನವರು ನೆಗಡಿಯಾಗಿದ್ದ ದಿನ ಒಂದು ನೋಟಿಸನ್ನು ರೆಕಾರ್ಡ್ ಮಾಡಿಬಿಟ್ಟಿದ್ದರು. ಅಂದಿನಿಂದ ನಲ್ಲಿ ನೋಟಿಸು ತೆಗೆಯುವವರೆಲ್ಲ ಮೂರನೆಯ ಸಾಲಿಗೆ ಬಂದಾಗ ಮೂಗು ಒರೆಸಿಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಕರವಸ್ತ್ರವನ್ನು ಮೊದಲೇ ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು.

ನಾನು ಹಗಲು ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತ, ಎರಡು ವರ್ಷ ಸಂಜೆ ತರಗತಿಗೆ ಹೋಗಿ ವರ್ಡ್ ಪ್ರೊಸೆಸರ್ ಕಲಿತವನು. ಹೆಸರು ಧರಣೇಂದ್ರ. ಕಲಿತೆ ಎನ್ನುವುದು ದೊಡ್ಡ ಮಾತಾಯಿತೇನೋ. ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಅರ್ಥವಾಗದ್ದನ್ನು ಎರಡು ಸಲ ಬರೆದುಕೊಂಡಿದ್ದೇನೆ. ಆದರೂ ಕಚೇರಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ರೆಕಾರ್ಡ್ ಆದ ಮ್ಯಾಕ್ರೋವನ್ನು ತೆರೆದು ನೋಡಬಹುದು. ಕೈ ಮಾಡಿದ್ದೆಲ್ಲ ಅಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಬೇಡದ ಸಾಲನ್ನು ಅಳಿಸಬಹುದು, ಬೇಕಾದದ್ದನ್ನು ಸೇರಿಸಬಹುದು. ಇಷ್ಟು ಹೇಳಿದ್ದಕ್ಕೇ ಹೆಡ್ ಕ್ಲರ್ಕ್ ಅಚ್ಯುತಯ್ಯನವರು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು.

"ವಾರಿಜಮ್ಮನವರು ಈ ತಿಂಗಳು ರಿಟೈರ್ ಆಗ್ತಾರೆ," ಎಂದರು ಅವರು ಮೊದಲ ದಿನವೇ. "ಅವರು ಮಾಡೋ ಕಾಗದಗಳು ಒಟ್ಟು ನಲವತ್ತೆರಡು. ಎಲ್ಲಾ ರೆಕಾರ್ಡ್ ಮಾಡ್ಕೊಳ್ಳಿ. ಆಮೇಲೆ ಅನಗತ್ಯವಾದದ್ದೆಲ್ಲ ಕತ್ತರಿಸಿ. ಒಂದೊಂದೂ ಒಂದು ನಿಮಿಷದೊಳಗೆ ಮುಗೀಬೇಕು. ಮುಂದಿನ ತಿಂಗಳ ಕೊನೇ ದಿನ ನಾನೇ ಗಡಿಯಾರ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋತೀನಿ. ನಲವತ್ತೆರಡೂ ಪಾಸಾದ್ರೆ ಕೆಲಸ ಕಾಯಂ. ಒಂದು ಫೇಲಾದ್ರೂ ಗಿರಣಿ ಇದ್ದೇ ಇದೆಯಲ್ರೀ."

ಗಿರಣಿ ಇರಲಿಲ್ಲ. ನನ್ನ ಜಾಗಕ್ಕೆ ಅಲ್ಲಿ ಬೇರೊಬ್ಬನನ್ನು ತೆಗೆದುಕೊಂಡಾಗಿತ್ತು. ಇದನ್ನು ಅವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ವಾರಿಜಕ್ಕ ಮೂವತ್ತೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತವರು. ಹುಟ್ಟಿದ್ದು, ಮದುವೆಯಾದದ್ದು, ಮನೆ ಬದಲಿಸಿದ್ದು, ಸತ್ತದ್ದು, ಊರಿನ ಯಾವ ಕಾಗದವೂ ಅವರ ಕೈ ತಪ್ಪಿಸಿ ಹೋಗಿರಲಿಲ್ಲ. ಒಂದು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಎಂಟು ಎಂದು ಒತ್ತಿದರೆ ಎಂಬತ್ತೆಂಟಾಗುತ್ತಿತ್ತು, ಆಮೇಲೆ ಒಂದನ್ನು ಅಳಿಸುತ್ತಿದ್ದರು. ರೆಕಾರ್ಡರಿಗೆ ಒಂದು ನಿಯಮವಿದೆ. ಒಬ್ಬರ ಕೈಯನ್ನು ಒಂದು ಕೆಲಸಕ್ಕೆ ಅದು ಒಂದೇ ಸಲ ಹಿಡಿಯುತ್ತದೆ. ಎರಡನೆಯ ಸಲ ಬಟನ್ ಒತ್ತಿದರೆ ಸುಮ್ಮನೆ ಇರುತ್ತದೆ. ಹಾಗಾಗಿ ನಡುಕವೂ ಸೇರಿಯೇ ಬರುತ್ತಿತ್ತು.

"ಏ ಧರಣಿ, ನನ್ನ ಕೈ ನಡುಗೋದನ್ನೂ ಹಿಡೀತಾ ಇದೆಯೇನೋ ಇದು?" ಎಂದು ಅವರು ಮೊದಲ ದಿನ ಕೇಳಿದರು.

"ಹಿಡಿಯತ್ತೆ ಅಕ್ಕಾ. ಆಮೇಲೆ ನಾನು ತೆಗೀತೀನಿ."

"ತೆಗಿ ಮಾರಾಯ. ನಾನು ಹೋದ್ಮೇಲೂ ಇಲ್ಲಿ ಕೂತೋರೆಲ್ಲ ನಡುಗ್ತಾ ಇದ್ರೆ, ಈ ಕಚೇರೀಲಿ ವರ್ಷವೆಲ್ಲ ಚಳಿ ಅಂತ ಜನ ಕಂಬಳಿ ಹೊದ್ಕೊಂಡು ಬರ್ತಾರೆ."

ಹೀಗೆ ನಗಿಸುತ್ತ ನಗಿಸುತ್ತ ಹದಿನಾರು ದಿನಗಳಲ್ಲಿ ನಲವತ್ತೊಂದು ಕಾಗದ ಮುಗಿಸಿದರು. ಕೊನೆಗೆ ಉಳಿದದ್ದು ಮರಣಪತ್ರ. ಅದನ್ನು ಯಾರೂ ಎದುರಿಗೆ ಕೂತಿಲ್ಲದಾಗ ಮಾಡೋಣವೆಂದು ಅವರೇ ಹೇಳಿದರು. ಊಟದ ಹೊತ್ತು, ಎದುರಿನ ಕುರ್ಚಿ ಖಾಲಿಯಿತ್ತು. ಹೆಸರಿನ ಜಾಗದಲ್ಲಿ ಚುಕ್ಕೆಗಳನ್ನಷ್ಟೇ ಹಾಕಿದರು. ನಡುವೆ ಒಂದು ಕಡೆ ಟೈಪು ಮಾಡುವುದನ್ನು ಬಿಟ್ಟು, ಬಲಗೈಯನ್ನು ಮೇಜಿನ ಆಚೆಗೆ ಚಾಚಿ, ಅಂಗೈ ಮೇಲೆ ಮಾಡಿ ಸ್ವಲ್ಪ ಹೊತ್ತು ಇಟ್ಟುಕೊಂಡರು. ಕೈ ನೋಯುತ್ತಿರಬೇಕು, ಪಾಪ, ಎಂದುಕೊಂಡು ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಮಿಕ್ಕ ಸಾಲುಗಳನ್ನು ಮುಗಿಸಿ, ಬಟ್ಟಲಿನಿಂದ ಬಳೆಗಳನ್ನು ಎತ್ತಿಕೊಂಡರು.

ಅವರು ಹೋದ ಮೇಲಿನ ಭಾನುವಾರ ಬೆಳಿಗ್ಗೆ ನಾನೊಬ್ಬನೇ ಕಚೇರಿಗೆ ಹೋಗಿ ಕತ್ತರಿಸಲು ಕೂತೆ. ನಡುಕದ ಅಕ್ಷರಗಳು, ಅವನ್ನು ಅಳಿಸಿದ ಸಾಲುಗಳು, ಕನ್ನಡಕ ಮೇಲೇರಿಸಿದ್ದು, ಸೆರಗು ಸರಿಮಾಡಿದ್ದು, ಒಂದೊಂದನ್ನೂ ಅಳಿಸುತ್ತ ಹೋದೆ. ಮರಣಪತ್ರದಲ್ಲಿ ಹೀಗೆ ಬರೆದಿತ್ತು: ಬಲಗೈ ಎತ್ತು. ಮೇಜಿನ ಆಚೆ ಚಾಚು. ಅಂಗೈ ಮೇಲೆ. ಹನ್ನೊಂದು ಸೆಕೆಂಡು ತಡೆ. ಕೈ ಹಿಂತೆಗೆ. ಈ ಐದು ಸಾಲನ್ನೂ ಅಳಿಸಿದೆ. ಅಳಿಸಿದ್ದನ್ನೆಲ್ಲ ಯಾರಾದರೂ ಕೇಳಿಯಾರೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಎದುರಿಗೆ ಕಾರಣವನ್ನೂ ನಮೂದಿಸಿದೆ. ಇದರ ಎದುರಿಗೆ ‘ಕೈನೋವು, ಅನಗತ್ಯ’ ಎಂದು ಬರೆದೆ. ಕಾಗದ ಮೂವತ್ತೆಂಟು ಸೆಕೆಂಡಿಗೆ ಮುಗಿಯತೊಡಗಿತು. ಅಂದು ನಾನು ಹೋಟೆಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿಂದೆ. ನನ್ನ ಕೆಲಸ ಸರಿಯಾಗಿದೆ ಎಂದು ನನಗೆ ಅನಿಸುವುದು ತೀರ ಅಪರೂಪ.

ಎರಡನೆಯ ವಾರ ಪುಟ್ಟನಂಜಮ್ಮ ಬಂದರು. ಗಂಡ ನಿಂಗಯ್ಯ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವರು, ಹಿಂದಿನ ಸೋಮವಾರ ಅಂಗಡಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ಹೊಸ ಮ್ಯಾಕ್ರೋದಲ್ಲಿ ತೆಗೆಯುವ ಮೊದಲ ಮರಣಪತ್ರ ಅದು. ನಾನು ಹೆಸರು, ದಿನಾಂಕ ಕೇಳಿ ತುಂಬಿಸಿಕೊಂಡೆ. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದು, ತಮ್ಮ ಕೈಯನ್ನು ಮೇಜಿನ ಮೇಲೆ ಇಟ್ಟು ಕೂತರು. ಯಾಕೆಂದು ನಾನು ಕೇಳಲಿಲ್ಲ. ಮ್ಯಾಕ್ರೋ ಒತ್ತಿದೆ. ನನ್ನ ಬೆರಳುಗಳು ಹರಿದಾಡಿದವು, ಪ್ರಿಂಟರು ಗುರುಗುಟ್ಟಿತು, ಕಾಗದ ಹೊರಗೆ ಬಂತು. ಮುದ್ರೆ ಒತ್ತಿ ಅವರ ಮುಂದಿಟ್ಟೆ.

ಆಕೆ ಕಾಗದವನ್ನು ನೋಡಲೇ ಇಲ್ಲ. "ಆಯ್ತೇನಪ್ಪ?" ಎಂದರು.

"ಆಯ್ತಮ್ಮ."

"ಇಷ್ಟೇನಾ? ಇಷ್ಟು ಬೇಗ ಹೋಗ್ಬಿಟ್ರಾ ನಮ್ಮ ಯಜಮಾನ್ರು?"

"ಈಗ ಎಲ್ಲಾ ಬೇಗ ಆಗತ್ತಮ್ಮ," ಎಂದೆ.

"ಕೈ ಎಲ್ಲಪ್ಪ?"

"ಯಾವ ಕೈ ಅಮ್ಮ?"

ಆಕೆ ಮೇಜಿನ ಮೇಲಿದ್ದ ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಅದನ್ನು ಸೆರಗಿನೊಳಗೆ ತೆಗೆದುಕೊಂಡರು. "ಇದು ನಂಗೆ ಬೇಡ. ನೀನೇ ಇಟ್ಕೋ," ಎಂದು ಎದ್ದು ಹೋದರು. ಕಾಗದ ಮೇಜಿನ ಮೇಲೇ ಉಳಿಯಿತು. ನಮ್ಮ ಊರಿನಲ್ಲಿ ಮನೆಯವರು ಮರಣಪತ್ರವನ್ನು ಕೈಯಾರೆ ತೆಗೆದುಕೊಳ್ಳುವವರೆಗೆ ಸತ್ತವರ ಹೆಸರನ್ನು ಊರಿನವರ ಹೆಸರಿನ ಪುಸ್ತಕದಿಂದ ತೆಗೆಯುವಂತಿಲ್ಲ. ನಿಂಗಯ್ಯನವರು ಕಚೇರಿಯ ಲೆಕ್ಕಕ್ಕೆ ಬದುಕಿಯೇ ಇದ್ದರು. ಅಚ್ಯುತಯ್ಯನವರು ಆ ಪುಸ್ತಕವನ್ನು ದಿನಕ್ಕೆರಡು ಸಲ ತೆರೆದು, ನನ್ನ ಕಡೆ ನೋಡಿ, ಮುಚ್ಚುತ್ತಿದ್ದರು.

ನಾನು ನೋಟ್‌ಬುಕ್ ತೆರೆದೆ. ‘ಕೈನೋವು, ಅನಗತ್ಯ’ ಎಂದು ಬರೆದಿದ್ದ ಐದು ಸಾಲನ್ನು ಮತ್ತೆ ಓದಿದೆ. ವಾರಿಜಕ್ಕನಿಗೆ ಕೈ ನೋಯುತ್ತಿರಲಿಲ್ಲ. ಖಾಲಿ ಕುರ್ಚಿಯ ಮುಂದೆಯೂ ಅಭ್ಯಾಸಬಲದಿಂದ ಅವರ ಕೈ ಅಲ್ಲಿಗೆ ಹೋಗಿತ್ತು. ಮೂವತ್ತೊಂದು ವರ್ಷ ಊರಿನವರು ತಮ್ಮವರನ್ನು ಕಳೆದುಕೊಂಡಾಗ ಬಂದು ಹಿಡಿದುಕೊಂಡ ಕೈಯನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಅಳಿಸಿ ಹಾಕಿ ಇಡ್ಲಿ ತಿಂದಿದ್ದೆ.

ಆ ಐದು ಸಾಲನ್ನೂ ಅಕ್ಷರ ಬಿಡದೆ ಮತ್ತೆ ಸೇರಿಸಿದೆ. ಈಗ ಎಲ್ಲ ಸರಿಹೋಯಿತು ಅಂದುಕೊಂಡೆ. ಹನ್ನೊಂದು ಸೆಕೆಂಡು ಸೇರಿಸಿದರೂ ಒಂದು ನಿಮಿಷದೊಳಗೇ ಆಗುತ್ತದೆ ಎಂದು ಸಮಾಧಾನವೂ ಆಯಿತು. ಅಂಗಡಿಗೆ ಹೋಗಿ ಪುಟ್ಟನಂಜಮ್ಮನವರನ್ನು ಬೇಡಿಕೊಂಡು ಕರೆತಂದೆ. ಮ್ಯಾಕ್ರೋ ಒತ್ತಿದೆ. ನಾಲ್ಕು ಸಾಲು ಆದಮೇಲೆ ನನ್ನ ಬಲಗೈ ತಾನಾಗಿ ಎದ್ದು, ಮೇಜಿನ ಆಚೆ ಚಾಚಿ, ಅಂಗೈ ಮೇಲೆ ಮಾಡಿ ನಿಂತಿತು. ಆಕೆಯ ಮುಖ ಸಡಿಲವಾಯಿತು. ತಮ್ಮ ಕೈಯನ್ನು ಅದರ ಮೇಲಿಟ್ಟು, ಉಸಿರು ಎಳೆದುಕೊಂಡು, "ಒಂಬತ್ತು ಕೊಡೆ ಉಳಿದಿದಾವಪ್ಪ ಅಂಗಡೀಲಿ," ಎಂದು ಶುರುಮಾಡಿದರು. "ಯಾರ್‍ಯಾರ್ದು ಅಂತ ಅವರಿಗೊಬ್ರಿಗೇ..."

ಹನ್ನೊಂದು ಸೆಕೆಂಡು ಆಯಿತು. ನನ್ನ ಕೈ ಸರಕ್ಕನೆ ಹಿಂದಕ್ಕೆ ಬಂತು. ನಾನು ತಡೆಯಲು ನೋಡಿದೆ, ಆಗಲಿಲ್ಲ. ಆಕೆಯ ಕೈ ಮೇಜಿಗೆ ಬಿತ್ತು. ನನ್ನ ಬೆರಳುಗಳು ಏನೂ ಆಗಿಲ್ಲವೆನ್ನುವಂತೆ ದಿನಾಂಕ ಟೈಪು ಮಾಡತೊಡಗಿದವು.

"ಬಸ್ಸಿಗೆ ಹೊತ್ತಾಯ್ತೇನಪ್ಪ ನಿಂಗೆ?" ಎಂದರು ಪುಟ್ಟನಂಜಮ್ಮ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಈ ಸಲವೂ ಕಾಗದ ಮುಟ್ಟದೆ ಹೋದರು.

ಮರುದಿನ ಅರ್ಧ ದಿನ ರಜೆ ಹಾಕಿ ವಾರಿಜಕ್ಕನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಡುಗುವ ಕೈಯಿಂದ ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾರುತ್ತಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದೆ.

"ಕೂತ್ಕೊಂಡು ಹೇಳೋ. ಪೊಲೀಸ್ ಸ್ಟೇಷನ್ನಿಗೆ ಬಂದವನ ಹಾಗೆ ನಿಂತಿದೀಯಲ್ಲ," ಎಂದರು. ನಾನು ಐದು ಸಾಲನ್ನು ಓದಿ ಹೇಳಿದಾಗ ಅವರ ಕೈ ಹುಣಸೆಯಲ್ಲೇ ನಿಂತಿತು. "ನಾನು ಹಾಗೆ ಕೈ ಚಾಚ್ತಿದ್ನಾ?"

"ನಿಮಗೆ ಗೊತ್ತಿಲ್ವಾ ಅಕ್ಕಾ?"

"ಇಲ್ವೋ ಮಾರಾಯ. ಯಾರಾದ್ರೂ ಅಳ್ತಾ ಇದ್ರೆ ಟೈಪು ಮಾಡಕ್ಕಾಗಲ್ಲ, ನಿಲ್ಲಿಸ್ತಿದ್ದೆ, ಅಷ್ಟು ಗೊತ್ತು. ಕೈ ಏನು ಮಾಡ್ತಿತ್ತು ಅಂತ ಕೈಯನ್ನೇ ಕೇಳ್ಬೇಕು." ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಯಾರದೋ ಕೈ ನೋಡುವ ಹಾಗೆ.

"ಎಷ್ಟು ಹೊತ್ತು ಇಟ್ಕೋತಿದ್ರಿ ಅಕ್ಕಾ? ರೆಕಾರ್ಡಲ್ಲಿ ಹನ್ನೊಂದು ಸೆಕೆಂಡು ಅಂತಿದೆ."

"ಅವತ್ತು ಎದುರಿಗೆ ಯಾರಿದ್ರು? ಖಾಲಿ ಕುರ್ಚಿ. ಖಾಲಿ ಕುರ್ಚಿಗೆ ಹನ್ನೊಂದು ಸೆಕೆಂಡೇ ಜಾಸ್ತಿ ಆಯ್ತು." ನಕ್ಕರು. "ನಾನ್ಯಾಕೋ ತೆಗೀಲಿ? ಅವರು ತೆಗೆದಾಗ ನಾನೂ ತೆಗೀತಿದ್ದೆ ಅಂತ ಕಾಣ್ಸತ್ತೆ."

"ಆದ್ರೆ ಅಚ್ಯುತಯ್ಯನೋರು ಒಂದು ನಿಮಿಷ ಅಂದಿದಾರೆ ಅಕ್ಕಾ. ಕಾಯಂ ಆಗ್ಬೇಕಂದ್ರೆ..."

ಹೀಗೆ ಮಾಡು ಎಂದು ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಂದು ಹಿಡಿ ಹುಣಸೆಹಣ್ಣನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, "ಸಾರಿಗೆ ಹಾಕ್ಕೋ" ಎಂದರು, ಅಷ್ಟೇ.

ದಾರಿಯಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಓದಿದೆ. ಎರಡು ಸಲ ಬರೆದುಕೊಂಡಿದ್ದ ಪಾಠ ಅದು. ರೆಕಾರ್ಡರು ಕಂಡದ್ದನ್ನಷ್ಟೇ ಬರೆದುಕೊಳ್ಳುತ್ತದೆ, ಒಂದು ಸಲ ಹೇಗಾಯಿತೋ ಎಲ್ಲ ಸಲವೂ ಹಾಗೆಯೇ ಆಗುತ್ತದೆ ಅಂದುಕೊಳ್ಳುತ್ತದೆ. ‘ಹೀಗಾದರೆ’ ಎನ್ನುವುದು ಅದಕ್ಕೆ ತಿಳಿಯದು, ‘ಅಲ್ಲಿಯವರೆಗೆ’ ಎನ್ನುವುದೂ ತಿಳಿಯದು. ಅವನ್ನು ನೀವೇ ಕೂತು ಬರೆಯಬೇಕು, ಎಂದಿದ್ದರು ಮೇಷ್ಟ್ರು. ನಾನು ಅಲ್ಲಿಯವರೆಗೆ ಸ್ವಂತವಾಗಿ ಒಂದು ಸಾಲನ್ನೂ ಬರೆದಿರಲಿಲ್ಲ. ಬೇರೆಯವರ ಸಾಲನ್ನು ಅಳಿಸಿದ್ದೆ, ಮತ್ತೆ ಅಂಟಿಸಿದ್ದೆ.

ಕಚೇರಿಗೆ ಬಂದು ಮರಣಪತ್ರದ ಮ್ಯಾಕ್ರೋ ತೆರೆದೆ. ‘ಹನ್ನೊಂದು ಸೆಕೆಂಡು ತಡೆ’ ಎನ್ನುವುದನ್ನು ಅಳಿಸಿದೆ. ಅದರ ಜಾಗದಲ್ಲಿ ‘ಎದುರಿನ ಕೈ ಏಳುವವರೆಗೆ ತಡೆ’ ಎಂದು ಬರೆದೆ. ನಾಲ್ಕೇ ಪದ. ಬರೆಯಲು ಒಂದು ಗಂಟೆ ಹಿಡಿಯಿತು. ಇದು ಯಂತ್ರಕ್ಕೆ ಅರ್ಥವಾಗುತ್ತದೋ ಇಲ್ಲವೋ ಎನ್ನುವ ಭಯ ಒಂದು ಕಡೆ, ಅರ್ಥವಾದರೆ ನನ್ನ ಗತಿಯೇನು ಎನ್ನುವ ಭಯ ಇನ್ನೊಂದು ಕಡೆ. ಎರಡು ಸಲ ಅಳಿಸಿ, ಮೂರನೆಯ ಸಲ ಹಾಗೆಯೇ ಬಿಟ್ಟೆ.

ತಿಂಗಳ ಕೊನೆಯ ದಿನ ಅಚ್ಯುತಯ್ಯನವರು ಹೇಳಿದಂತೆಯೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಗೆರೆ ಎಳೆದ ಹಾಳೆಯಲ್ಲಿ ಕಾಗದದ ಹೆಸರು, ಸಮಯ, ಷರಾ ಎಂದು ಮೂರು ಅಂಕಣ. ನಲವತ್ತೊಂದು ಮ್ಯಾಕ್ರೋ ಒಂದರ ಹಿಂದೊಂದು ಓಡಿದವು. ಎಲ್ಲಕ್ಕಿಂತ ನಿಧಾನವಾದದ್ದು ಐವತ್ತೆರಡು ಸೆಕೆಂಡು. ಅವರು ಪ್ರತಿಯೊಂದಕ್ಕೂ ಸರಿ ಗುರುತು ಹಾಕಿ, "ಪರವಾಗಿಲ್ವೇ" ಎಂದರು. ಅವರು ಇಷ್ಟು ಮೆಚ್ಚಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ.

ಪುಟ್ಟನಂಜಮ್ಮನವರಿಗೆ ನಾನು ಹಿಂದಿನ ದಿನವೇ ಹೇಳಿಬಂದಿದ್ದೆ. ಬರುವುದಿಲ್ಲ ಎಂದಿದ್ದರು. ಬಂದರು. ಕುರ್ಚಿಯ ತುದಿಯಲ್ಲಿ ಕೂತರು, ಕೈಯನ್ನು ಮೇಜಿನ ಮೇಲೆ ಇಡಲಿಲ್ಲ. ನಾನು ಮ್ಯಾಕ್ರೋ ಒತ್ತಿದೆ. ನಾಲ್ಕು ಸಾಲು. ಬಲಗೈ ಎದ್ದು ಆಚೆ ಹೋಗಿ, ಅಂಗೈ ತೆರೆದುಕೊಂಡು ನಿಂತಿತು. ಹೆದರಿಕೆಯಿಂದ ಅದು ಪೂರ್ತಿ ಬೆವೆತಿತ್ತು. ಒರೆಸಿಕೊಳ್ಳುವಂತಿಲ್ಲ, ಕೈ ನನ್ನ ಮಾತು ಕೇಳುವುದಿಲ್ಲ.

ಆಕೆ ಬಗ್ಗಿ ನೋಡಿದರು. "ಇದು ವಾರಿಜಮ್ಮನ ಕೈಯಲ್ಲ."

"ಅಲ್ಲಮ್ಮ. ನಂದೇ."

"ಒದ್ದೆ ಮುದ್ದೆಯಾಗಿದೆ."

"ಹೌದಮ್ಮ."

"ಮತ್ತೆ ಎಳ್ಕೊಳ್ಳಲ್ಲ ತಾನೇ?"

"ಎಳ್ಕೊಳ್ಳಬಾರದು ಅಂತ ಬರ್ದಿದೀನಿ. ಕೇಳತ್ತೋ ಇಲ್ವೋ ನಂಗೂ ಗೊತ್ತಿಲ್ಲ."

ಈ ಉತ್ತರ ಆಕೆಗೆ ಯಾಕೋ ಹಿಡಿಸಿತು. ಸೆರಗಿನಿಂದ ನನ್ನ ಅಂಗೈಯನ್ನು ಒರೆಸಿ, ತಮ್ಮ ಕೈಯನ್ನು ಮೇಲಿಟ್ಟರು. ಹನ್ನೊಂದು ಸೆಕೆಂಡು ಕಳೆಯಿತು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಕೈ ಅಲ್ಲೇ ಇತ್ತು. ಆಕೆ ಕೊಡೆಗಳ ಬಗ್ಗೆ ಹೇಳತೊಡಗಿದರು. ಯಾವುದು ಯಾರದು ಎಂದು ನಿಂಗಯ್ಯನವರು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಹಿಡಿ ನೋಡಿದರೆ ಅವರಿಗೆ ಮುಖ ಕಾಣುತ್ತಿತ್ತು. ಈಗ ದಿನಾ ಬೆಳಿಗ್ಗೆ ಆಕೆ ಒಂಬತ್ತನ್ನೂ ಬಿಚ್ಚಿ, ಒರೆಸಿ, ಮುಚ್ಚಿಡುತ್ತಾರೆ. ಒಂದು ಹೂವಿನ ಚಿತ್ರದ್ದು, ಶಾಲೆಗೆ ಹೋಗುವ ಹುಡುಗಿಯದಿರಬೇಕು. ಒಂದಕ್ಕೆ ಗಂಡ ಎರಡು ಕಡ್ಡಿ ಹಾಕಿದ್ದರು, ಮೂರನೆಯದು ಕೈಯಲ್ಲಿತ್ತು, ಆಗ ಹಾಗೆಯೇ ಒರಗಿದರು. ಆ ಕೊಡೆಯನ್ನು ಏನು ಮಾಡುವುದು? ಅರ್ಧ ಆದದ್ದನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ. "ಬಿದಿರಿನ ಹಿಡೀದು, ಹಿಡೀಲಿ ಒಂದು ಸುಟ್ಟ ಕಲೆ ಇದೆ."

"ಸುಟ್ಟಿದ್ದಲ್ಲ," ಎಂದರು ಅಚ್ಯುತಯ್ಯನವರು. ನಾವಿಬ್ಬರೂ ತಿರುಗಿ ನೋಡಿದೆವು. "ಅಗರಬತ್ತಿ ತಾಗಿದ್ದು. ಅದು ನಂದು."

"ನಿಮ್ದಾ ಸ್ವಾಮಿ? ಮತ್ತೆ ಒಯ್ಯೋಕೆ ಯಾಕೆ ಬರ್ಲಿಲ್ಲ?"

"ಬರಬೇಕು ಅಂತಲೇ ಇದ್ದೆ." ಅವರು ಗಡಿಯಾರ ನೋಡಲು ಹೋಗಿ ಹಾಳೆ ನೋಡಿದರು. "ಏನಂತ ಕೇಳ್ಕೊಂಡು ಬರೋದು ಅಂತ... ಬರ್ಲಿಲ್ಲ."

"ಎರಡು ಕಡ್ಡಿ ಹಾಕಿದಾರೆ. ಒಂದು ಬಾಕಿ ಇದೆ."

"ಎರಡೇ ಸಾಕಮ್ಮ. ಹಾಗೇ ಕೊಡಿ."

ಆಕೆ ಆಗ ಅತ್ತರು. ಬಾಗಿಲ ಬಳಿ ನಾಲ್ಕೈದು ಜನ ಕಾಯುತ್ತಿದ್ದರು, ಯಾರೂ ಗದ್ದಲ ಮಾಡಲಿಲ್ಲ. ಒಬ್ಬರು ಫ್ಯಾನನ್ನು ಈಚೆ ತಿರುಗಿಸಿದರು. ನನ್ನ ತೋಳು ಜುಮುಜುಮು ಎನ್ನುತ್ತಿತ್ತು, ಆಮೇಲೆ ಅದೂ ತಿಳಿಯದಾಯಿತು. ಬಹಳ ಹೊತ್ತಿನ ಮೇಲೆ ಆಕೆ ಕೈ ತೆಗೆದು ಮುಖ ಒರೆಸಿಕೊಂಡರು. ಮರುಕ್ಷಣ ನನ್ನ ಕೈ ತಾನಾಗಿ ಹಿಂದಕ್ಕೆ ಬಂದು, ಮಿಕ್ಕ ಸಾಲುಗಳನ್ನು ಮುಗಿಸಿತು. ಆಕೆ ಕಾಗದವನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡರು. ಅಚ್ಯುತಯ್ಯನವರು ಪುಸ್ತಕ ತೆರೆದು, ನಿಂಗಯ್ಯನವರ ಹೆಸರಿನ ಮೇಲೆ ಗೆರೆ ಎಳೆದರು.

ಆಮೇಲೆ ಹಾಳೆಯ ಕಡೆ ತಿರುಗಿದರು. "ಇಪ್ಪತ್ಮೂರು ನಿಮಿಷ."

"ಗೊತ್ತು ಸಾರ್."

"ಆ ತಡೆಯೋ ಸಾಲು ನೀವೇ ಸೇರಿಸಿದ್ದಾ?"

"ಹೌದು ಸಾರ್."

"ತೆಗೆದ್ರೆ ಎಷ್ಟಾಗತ್ತೆ?"

"ನಲವತ್ತು ಸೆಕೆಂಡಿನೊಳಗೆ ಆಗತ್ತೆ ಸಾರ್." ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ಆದ್ರೆ ನಾನು ತೆಗೆಯಲ್ಲ. ಬೇಕಾದ್ರೆ ಬೇರೆಯವರಿಂದ ತೆಗೆಸಿ."

"ಬೇರೆಯವರಿಗೆ ಯಾರಿಗ್ರೀ ಬರತ್ತೆ?" ಎಂದು ಗದರಿದರು. ಪೆನ್ನು ಹಾಳೆಯ ಮೇಲೆ ನಿಂತಿತು. ಅವರು ನಿಯಮ ಮುರಿಯುವ ಮನುಷ್ಯರಲ್ಲ, ಅದು ಊರಿಗೇ ಗೊತ್ತು. ಕೊನೆಗೆ ಸಮಯದ ಅಂಕಣದಲ್ಲಿ ಮೂವತ್ತೆಂಟು ಸೆಕೆಂಡು ಎಂದು ಬರೆದು, ಷರಾ ಅಂಕಣದಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗೆ ಸೇರಿಸಿದರು: ‘ಉಳಿದ ಸಮಯ ಎದುರಿಗೆ ಕೂತವರದು. ಕಚೇರಿಯದಲ್ಲ.’ ಸರಿ ಗುರುತು ಹಾಕಿ, ಗಡಿಯಾರ ಕಟ್ಟಿಕೊಂಡು, ಕೊಡೆ ತರಲು ಹೋದರು.

ಈಗ ನಾನು ಕಾಯಂ ನೌಕರ. ಮರಣಪತ್ರಕ್ಕೆ ಬಂದವರಲ್ಲಿ ಕೆಲವರು ಎರಡು ಸೆಕೆಂಡಿಗೇ ಕೈ ತೆಗೆಯುತ್ತಾರೆ. ಒಬ್ಬರು ಅದನ್ನು ಕುಲುಕಿ, "ಥ್ಯಾಂಕ್ಸ್" ಎಂದು ಹೋದರು. ಹೋದ ವಾರ ಒಬ್ಬ ತಂದೆ ಹನ್ನೆರಡೂವರೆಗೆ ಕೈ ಇಟ್ಟವರು ಐದು ಗಂಟೆಯಾದರೂ ತೆಗೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಬೀಗ ಹಾಕುವವನು ಬಂದು ನೋಡಿ, ಬೀಗ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತ. ಯಾರಾದರೂ ಕೈ ತೆಗೆಯದೆಯೇ ಇದ್ದರೆ ಏನು ಮಾಡಬೇಕು ಎನ್ನುವುದಕ್ಕೆ ಮ್ಯಾಕ್ರೋದಲ್ಲಿ ಒಂದು ಸಾಲು ಇರಬೇಕು, ಇಲ್ಲದಿದ್ದರೆ ಅದು ದೋಷ ಎಂದು ಮೇಷ್ಟ್ರು ಹೇಳಿದ್ದರು. ಅದರ ಯೋಚನೆ ದಿನಾ ಬರುತ್ತದೆ. ಎರಡು ಸಲ ಬರೆಯಲು ಕೂತೆ. ಇನ್ನೂ ಬರೆದಿಲ್ಲ.